ಎಡ ಹೆಗಲಿನ ಮುಕ್ಕಾಲು ಇಂಚು

ಜನವರಿ ೯

ಚೂಟಿ,

ಎಂಟು ತಿಂಗಳಾದ ಮೇಲೆ ನಿನ್ನ ಕಾಗದ ಬಂತು. ಮೊದಲ ಅರ್ಧ ಪುಟ ನನ್ನ ಮೊಣಕಾಲಿನ ವಿಚಾರಣೆ, ಉಳಿದ ಅರ್ಧ ಪುಟ ನಿಲುವಂಗಿ. ಮೊಣಕಾಲು ಹಾಗೇ ಇದೆ. ನಿಲುವಂಗಿ ಈ ಪೊಟ್ಟಣದಲ್ಲಿದೆ.

ಶಾಲೆಯ ನಾಟಕಕ್ಕೆ ಬೇಕು ಎಂದಿದ್ದೀಯ. ಆಗಲಿ. ಆದರೆ ಹಾಕಿಕೊಳ್ಳುವವನು ‘ಎತ್ತರದ ಗಂಡಸು, ನಡುವಯಸ್ಸು’ ಎಂದೂ ಬರೆದಿದ್ದೀಯ. ಅದು ಯಾವ ಶಾಲೆಯೋ, ಪಾಪ ಅವನು ಎಷ್ಟು ವರ್ಷದಿಂದ ಅಲ್ಲಿ ನಪಾಸಾಗುತ್ತಿದ್ದಾನೋ, ನಾನು ಕೇಳುವುದಿಲ್ಲ. ಟೀವಿಗೆ ನಗೆ ಕಾರ್ಯಕ್ರಮ ಬರೆಯುವವಳಿಗೆ ಶಾಲೆಯ ನಾಟಕದ ಉಸಾಬರಿ ಯಾಕೆ ಎಂದೂ ಕೇಳುವುದಿಲ್ಲ. ಸೋದರತ್ತೆಯಾಗಿ ಹುಟ್ಟಿದ ಮೇಲೆ ಕೆಲವನ್ನು ಕೇಳದೆ ಹೊಟ್ಟೆಯಲ್ಲಿ ಹಾಕಿಕೊಳ್ಳಬೇಕಾಗುತ್ತದೆ.

ಅಳತೆ ಮಾತ್ರ ಕಳಿಸಬೇಕಿತ್ತು ಕಣೇ. ನಟ ಇನ್ನೂ ಗೊತ್ತಾಗಿಲ್ಲ, ನಿಮಗೆ ಅಂದಾಜು ಇರುತ್ತದಲ್ಲ ಎಂದು ಬರೆದುಬಿಟ್ಟೆ. ಅಂದಾಜಿನ ಮೇಲೆ ನಾನು ದಿಂಬಿನ ಗವಸನ್ನೂ ಹೊಲಿದವಳಲ್ಲ. ಹಳೆಯ ಬಟ್ಟೆ ಬಿಚ್ಚಿ ಬಿಚ್ಚಿ ನೋಡಿ ಕೆಲಸ ಕಲಿತವಳು. ಯಾರೂ ಹೇಳಿಕೊಡಲಿಲ್ಲ, ಅದಕ್ಕೇ ಎಲ್ಲವನ್ನೂ ಬರೆದಿಟ್ಟುಕೊಳ್ಳುತ್ತೇನೆ. ನಮ್ಮ ಪ್ರಾರ್ಥನಾ ಮಂದಿರದ ಗುರುಗಳಿಗೆ ಇಪ್ಪತ್ತೆರಡು ವರ್ಷದಿಂದ ಹೊಲಿಯುತ್ತಿರುವುದರಿಂದ ನಿಲುವಂಗಿ ಎಂದರೆ ಕೈ ತಾನಾಗಿಯೇ ಓಡುತ್ತದೆ, ಅದೊಂದು ಪುಣ್ಯ.

ಫೋನ್ ಮಾಡಲೇ ಎಂದು ಕೇಳಿದ್ದೀಯ. ಬೇಡ. ಫೋನಿನಲ್ಲಿ ನಾನು ಎಲ್ಲದಕ್ಕೂ ಹೂಂ ಎಂದುಬಿಟ್ಟು ಆಮೇಲೆ ಯೋಚಿಸುತ್ತೇನೆ. ಕಾಗದದಲ್ಲಾದರೆ ಯೋಚನೆ ಮೊದಲು ಬರುತ್ತದೆ.

ನಿನ್ನ ಅತ್ತೆ

ಜನವರಿ ೨೪

ಪ್ರೀತಿಯ ಅತ್ತೆ,

ಅಂಗಿ ತುಂಬಾ ಚೆನ್ನಾಗಿದೆ! ಎಲ್ಲರೂ ಹೊಗಳಿದರು. ನಾಟಕವೂ ಚೆನ್ನಾಗಿ ಆಯಿತು, ಮಕ್ಕಳು ಬಹಳ ಖುಷಿಪಟ್ಟರು. ಕೆಲಸ ಜಾಸ್ತಿ, ಅದಕ್ಕೇ ಇಷ್ಟು ಚಿಕ್ಕ ಕಾಗದ, ಬೈಯಬೇಡಿ.

ಅಂದ ಹಾಗೆ, ಶನಿವಾರ ಸಂಜೆ ಏಳಕ್ಕೆ ನೀವು ಟೀವಿ ನೋಡುತ್ತೀರಾ? ಸುಮ್ಮನೆ ಕೇಳಿದೆ.

ನಿಮ್ಮ ಚೂಟಿ

ಫೆಬ್ರವರಿ ೧೬

ಚೂಟಿ,

ಸುಮ್ಮನೆ ಕೇಳಿದೆ ಎಂದು ಬರೆದೆಯಲ್ಲ, ಆಗಲೇ ನನ್ನ ಕಿವಿ ನೆಟ್ಟಗಾಯಿತು. ಚಿಕ್ಕವಳಿದ್ದಾಗ ಗಾಜಿನ ಲೋಟ ಒಡೆದು ಬಂದು, ‘ಅತ್ತೆ, ಮನೆಯಲ್ಲಿ ಎಷ್ಟು ಲೋಟ ಇವೆ?’ ಎಂದು ಸುಮ್ಮನೆ ಕೇಳುತ್ತಿದ್ದವಳು ನೀನು.

ನೋಡಿದೆ. ನನ್ನ ಮನೆಯಲ್ಲಿ ಟೀವಿ ಇಲ್ಲ. ಮೂರು ಶನಿವಾರವೂ ಕೆಳಗೆ ಅಂಗಿಯ ಗುಂಡಿ ಮಾರುವ ಅಂಗಡಿಯವಳ ಮನೆಗೆ ಹೋಗಿ ಕುಳಿತೆ. ಅವಳೂ ನಮ್ಮ ಮಂದಿರದವಳೇ. ಎರಡು ವಾರ ಏನೇನೋ ಬಂತು. ಮೊನ್ನೆ ನನ್ನ ಅಂಗಿ ಬಂತು.

ಲಿಫ್ಟಿನಲ್ಲಿ ಎಂಟು ಜನ ಸಿಕ್ಕಿಬೀಳುತ್ತಾರೆ. ಅವರಲ್ಲಿ ಒಬ್ಬ ಗುರು. ಆಪತ್ತಿನ ಗುಂಡಿ ಒತ್ತಲು ಹೋದವಳ ಕೈಯನ್ನು ತಡೆದು, ‘ಮೊದಲು ಪ್ರಾರ್ಥನೆ’ ಎನ್ನುತ್ತಾನೆ. ಒಬ್ಬೊಬ್ಬರೂ ಪಾಪ ಒಪ್ಪಿಕೊಳ್ಳುತ್ತಾರೆ. ಗಂಡ ಒಪ್ಪಿಕೊಂಡದ್ದನ್ನು ಕೇಳಿ ಹೆಂಡತಿ ಅಲ್ಲೇ ಅವನ ಕೊರಳಪಟ್ಟಿ ಹಿಡಿಯುತ್ತಾಳೆ. ಕೊನೆಗೆ ಮೆಕ್ಯಾನಿಕ್ ಬಂದು ಬಾಗಿಲು ತೆಗೆಯುತ್ತಾನೆ. ಎಲ್ಲರೂ ಗುರುವಿನ ಕಾಲಿಗೆ ಬೀಳುತ್ತಾರೆ. ಮೆಕ್ಯಾನಿಕ್ ರುಜು ಹಾಕಿಸಿಕೊಳ್ಳಲು ಕಾಗದ ಹಿಡಿದು ಒಂದು ಮೂಲೆಯಲ್ಲಿ ಕಾಯುತ್ತಾ ನಿಂತಿರುತ್ತಾನೆ. ಮುಗಿಯಿತು.

ಗುರು ಲಿಫ್ಟಿಗೆ ನಡೆದು ಬರುವಾಗಲೇ ಗುಂಡಿ ಅಂಗಡಿಯವಳು, ‘ಅಯ್ಯೋ, ಇದು ನಮ್ಮ ಗುರುಗಳ ನಡಿಗೆ ಅಲ್ವಾ?’ ಎಂದಳು. ‘ಸುಮ್ನಿರೇ, ನೋಡೋಕೆ ಬಿಡು’ ಎಂದ ಅವಳ ಗಂಡ. ಅವನು ಜೋರಾಗಿ ನಕ್ಕ. ನಕ್ಕಮೇಲೆ ಬಾಯಿ ಮುಚ್ಚಿಕೊಂಡ. ಬಾಯಿ ಮುಚ್ಚಿಕೊಂಡಮೇಲೆ ನನ್ನ ಕಡೆ ನೋಡಿದ. ಅವನು ಹಾಗೆ ನೋಡಿದ್ದು ನನಗೆ ಹಿಡಿಸಲಿಲ್ಲ.

ಎಡ ಹೆಗಲು ಇಳಿಬಿಟ್ಟು, ನೀರು ತುಂಬಿದ ಕೊಡ ಹಿಡಿದವರ ಹಾಗೆ ಒಂದು ಕಡೆ ವಾಲಿ ನಡೆಯುವುದು ನಮ್ಮ ಗುರುಗಳೊಬ್ಬರೇ. ನಿನ್ನ ನಟನಿಗೆ ಅದು ಎಲ್ಲಿಂದ ಬಂತು? ಗುಟ್ಟಾಗಿ ಅವನನ್ನು ನಮ್ಮ ಮಂದಿರಕ್ಕೆ ಕಳಿಸಿ ನೋಡಿಸಿದೆಯಾ? ಹಿಂದಿನ ಸಾಲಿನಲ್ಲಿ ಕೂರಿಸಿ ನನ್ನನ್ನೂ ನೋಡಿಸಿದೆಯಾ?

ವಾರದ ಪ್ರಾರ್ಥನೆಗೆ ಹೋಗಿ ಕಣ್ಣು ಮುಚ್ಚಿ ಕೂರುವವಳು ನಾನು. ನಿನಗೆ ನಗು ಬರಬಹುದು, ಆದರೆ ಅಲ್ಲಿ ನನಗೆ ಸಿಗುವುದು ನಿಜವಾಗಿಯೂ ಸಿಗುತ್ತದೆ. ಅದನ್ನು ನಿನಗೆ ವಿವರಿಸಲು ನನ್ನಲ್ಲಿ ಮಾತಿಲ್ಲ.

ನನ್ನನ್ನು ಯಾರೂ ಏನೂ ಕೇಳಿಲ್ಲ. ಅಷ್ಟು ಸಾಕು.

ಅತ್ತೆ

ಮಾರ್ಚ್ ೧

ಅತ್ತೆ,

ಶಾಲೆಯ ನಾಟಕ ಎಂದದ್ದು ಸುಳ್ಳು. ತಪ್ಪಾಯಿತು. ನಿಜ ಹೇಳಿದ್ದರೆ ನೀವು ಹೊಲಿಯುತ್ತಿರಲಿಲ್ಲ. ನಿಮ್ಮಷ್ಟು ಚೆನ್ನಾಗಿ ಹೊಲಿಯುವವರು ನನಗೆ ಗೊತ್ತಿರಲಿಲ್ಲ. ಆದರೆ ಉಳಿದದ್ದಕ್ಕೆ ನಾನು ತಪ್ಪೊಪ್ಪಿಕೊಳ್ಳುವುದಿಲ್ಲ.

ನಮ್ಮದು ಯಾರೋ ಫೋನಿನಲ್ಲಿ ಹುಡುಕಿಕೊಂಡು ಹೋಗಿ ನೋಡುವ ತಮಾಷೆ ಅಲ್ಲ. ಎಲ್ಲರ ಮನೆಗೂ ತಾನಾಗಿಯೇ ಬರುವ ವಾಹಿನಿ. ಅದಕ್ಕೇ ಆ ಹತ್ತು ನಿಮಿಷವನ್ನು ವಕೀಲರು ಮೂರು ಸಲ ಓದಿದ್ದರು. ಯಾವ ಧರ್ಮದ ಹೆಸರೂ ಬರಬಾರದು, ಬದುಕಿರುವ ಯಾವ ವ್ಯಕ್ತಿಯನ್ನೂ ಹೋಲಬಾರದು ಎಂಬ ಷರತ್ತಿನ ಮೇಲೆ ಒಪ್ಪಿದರು. ನಾನೂ ಹಾಗೇ ಬರೆದಿದ್ದೆ. ನಮ್ಮ ಹಿರಿಯ ನಿರ್ಮಾಪಕರು ಹೇಳುತ್ತಾರೆ: ‘ಇಪ್ಪತ್ತು ವರ್ಷದ ಹಿಂದೆ ಇದೇ ವಾಹಿನಿಯಲ್ಲಿ ಇದಕ್ಕಿಂತ ಖಾರವಾದದ್ದು ಬಂದಿತ್ತಮ್ಮ. ಜನ ಕಾಗದ ಬರೆದು ಉಗಿದರು, ಮುಂದಿನ ವಾರ ಮತ್ತೆ ಕೂತು ನೋಡಿದರು. ಈಗ ಯಾರೂ ಉಗಿಯೋದೇ ಇಲ್ಲ. ಸೀದಾ ಸಮಿತಿಗೆ ಹೋಗ್ತಾರೆ.’

ಹಾಗೇ ಆಗಿದೆ. ನಿಮ್ಮ ಮಂದಿರದ ಹೆಸರಿನಲ್ಲಿ ಪ್ರಸಾರ ಸಮಿತಿಗೆ ದೂರು ಬಂದಿದೆ. ಮಾರ್ಚ್ ೨೯ಕ್ಕೆ ವಿಚಾರಣೆ, ಅಲ್ಲಿಯವರೆಗೆ ಪ್ರಸಾರ ತಡೆದಿದ್ದಾರೆ. ಒಬ್ಬ ವ್ಯಕ್ತಿಯನ್ನೇ ಗುರಿಯಿಟ್ಟು ಅಣಕಿಸಿದ್ದೇವೆ ಎಂದು ತೀರ್ಮಾನವಾದರೆ ಕಾರ್ಯಕ್ರಮ ನಿಲ್ಲುತ್ತದೆ, ಚಿತ್ರೀಕರಿಸಿಟ್ಟ ನಾಲ್ಕು ಕಂತು ಕಸದ ಬುಟ್ಟಿಗೆ. ಐದು ವರ್ಷ ಬೇರೆಯವರ ಹೆಸರಿನಲ್ಲಿ ನಗೆ ಬರೆದೆ ಅತ್ತೆ. ಇದು ನನ್ನ ಹೆಸರಿನಲ್ಲಿ ಬಂದ ಮೊದಲನೆಯದು. ನಿಂತರೆ ಇನ್ನು ಯಾರೂ ನನ್ನನ್ನು ಒಳಗೆ ಬಿಡುವುದಿಲ್ಲ.

ದೂರಿನಲ್ಲಿ ಒಂದು ಸಾಲು ಇದೆ. ಹಾಗೇ ಬರೆಯುತ್ತೇನೆ: ‘ನಮ್ಮ ಗುರುಗಳ ಎಡ ಹೆಗಲು ಮುಕ್ಕಾಲು ಇಂಚು ಇಳಿದಿರುವುದನ್ನು ಲೇವಡಿ ಮಾಡಲಾಗಿದೆ.’

ಮುಕ್ಕಾಲು ಇಂಚು! ಭಕ್ತರು ಗುರುಗಳನ್ನು ಇಂಚಿನಲ್ಲಿ ನೋಡುತ್ತಾರಾ? ಹಾಗೆ ನೋಡುವವರು ಊರಿಗೆ ಒಬ್ಬರೇ.

ನೇರವಾಗಿ ಕೇಳುತ್ತೇನೆ. ದೂರು ಬರೆದವರು ನೀವಾ?

ಚೂಟಿ

ಮಾರ್ಚ್ ೮

ಚೂಟಿ,

ನಿನ್ನ ಕಾಗದವನ್ನು ಹೊಲಿಗೆ ಯಂತ್ರದ ಖಾನೆಯಲ್ಲಿ ಹಾಕಿ ಮೂರು ದಿನ ಮುಚ್ಚಿಟ್ಟೆ. ಸಿಟ್ಟಿನಲ್ಲಿ ಕತ್ತರಿ ಹಿಡಿಯಬಾರದು ಎನ್ನುವುದು ನನ್ನ ಲೆಕ್ಕ, ಲೇಖನಿಗೂ ಅದೇ.

ನಾನು ಬರೆದಿಲ್ಲ. ಬರೆದಿದ್ದರೆ ಕೆಳಗೆ ರುಜು ಹಾಕುತ್ತಿದ್ದೆ.

ಯಾರೂ ಕೇಳಿಲ್ಲ ಎಂದು ಹೋದ ಸಲ ಬರೆದೆನಲ್ಲ, ಅದು ಮಾತ್ರ ನಿಜವಲ್ಲ. ನಿನ್ನ ಕಾರ್ಯಕ್ರಮ ಬಂದ ಮಾರನೆಯ ದಿನವೇ ಮಂದಿರದ ಕಾರ್ಯದರ್ಶಿ ನನ್ನ ಹೊಲಿಗೆ ಅಂಗಡಿಗೆ ಬಂದಿದ್ದ. ಎರಡು ಮಹಡಿ ಹತ್ತಿ ಬಂದು ಏದುಸಿರು ಬಿಡುತ್ತಾ, ‘ಟೀವಿಲಿ ಆ ವೇಷದವನು ಹಾಕಿದ್ದು ನಿಮ್ಮ ಹೊಲಿಗೆನಾ?’ ಎಂದ.

‘ಅಲ್ಲ’ ಎಂದೆ.

ನಿನ್ನನ್ನು ಕಾಪಾಡಲು ಹೇಳಿದೆನೋ, ನನ್ನನ್ನು ಕಾಪಾಡಿಕೊಳ್ಳಲು ಹೇಳಿದೆನೋ, ಬಾಯಿಗೆ ಬಂದದ್ದು ಅದು. ಅವನು ನಂಬಿದವನ ಹಾಗೆ ತಲೆಯಾಡಿಸಿದ. ಆಮೇಲೆ ಬಹಳ ಮೆತ್ತಗೆ, ‘ಗುರುಗಳಿಗೆ ಒಂದು ಹೊಸ ಅಂಗಿ ಬೇಕಿತ್ತು. ಹಳೇ ಅಳತೆ ಇದೆಯಾ, ಮತ್ತೆ ತಗೋಬೇಕಾ?’ ಎಂದ. ಇಪ್ಪತ್ತೆರಡು ವರ್ಷದ್ದೂ ಇದೆ ಎಂದು ಹೆಮ್ಮೆಯಿಂದ ಅಳತೆ ಪುಸ್ತಕ ತೆಗೆದು ಅವನ ಮುಂದೆ ಬಿಚ್ಚಿಟ್ಟವಳು ನಾನೇ. ಅವನು ಕನ್ನಡಕ ಹಾಕಿಕೊಂಡು ಓದಿದ. ಹೊಸ ಅಂಗಿಯ ಬಟ್ಟೆ ಇನ್ನೂ ಬಂದಿಲ್ಲ. ಬರುವುದೂ ಇಲ್ಲ ಎಂದು ಈಗ ಗೊತ್ತಾಯಿತು.

ಇಂಚು ಹೋದದ್ದು ಹಾಗೆ. ಇನ್ನು ನಿನ್ನ ಸರದಿ. ನಡಿಗೆ ನಿಮ್ಮಲ್ಲಿಗೆ ಬಂದದ್ದು ಹೇಗೆ? ವಕೀಲರು ಮೂರು ಸಲ ಓದಿದರು ಎನ್ನುತ್ತೀಯ, ನಡಿಗೆಯನ್ನು ಓದಲಾಗುತ್ತದೆಯೇ? ಆ ನಟ ಒಂದು ಸಲವಾದರೂ ನಮ್ಮ ಮಂದಿರಕ್ಕೆ ಬಂದಿರಲೇಬೇಕು. ನನಗೆ ಸುಳ್ಳು ಹೇಳಿದವಳು ವಕೀಲರಿಗೆ ಹೇಳಿಲ್ಲ ಎಂದು ಹೇಗೆ ನಂಬಲಿ?

ಅತ್ತೆ

ಮಾರ್ಚ್ ೧೫

ಅತ್ತೆ,

ನಟ ಈ ಜನ್ಮದಲ್ಲಿ ನಿಮ್ಮ ಊರಿಗೆ ಕಾಲಿಟ್ಟಿಲ್ಲ. ನಿಮ್ಮ ಕಾಗದ ಓದಿ ಅವರನ್ನೇ ಹಿಡಿದು ಕೇಳಿದೆ. ಅವರು ಹೇಳಿದ್ದು: ‘ನಾನೇನೂ ಮಾಡಲಿಲ್ಲ ಮೇಡಂ, ಅಂಗಿ ಮಾಡಿಸ್ತು. ಹಾಕ್ಕೊಂಡ ಕೂಡಲೇ ಎಡಗಡೆ ಅಂಚು ಮೇಲೆ ಹೋಯ್ತು. ನೆಟ್ಟಗೆ ಕಾಣ್ಲಿ ಅಂತ ಹೆಗಲು ಇಳಿಸಿದೆ. ಹೆಗಲು ಇಳಿಸಿದ ಮೇಲೆ ನಡಿಗೆ ತಾನಾಗೇ ಬಂತು. ಎಲ್ಲರೂ ನಕ್ಕರು, ಅದನ್ನೇ ಇಟ್ಕೊಂಡೆ.’

ನಮ್ಮ ಉಡುಪು ವಿಭಾಗದವರು ಅಂಗಿಯನ್ನು ಮೇಜಿನ ಮೇಲೆ ಹರಡಿ, ನಡುವೆ ಮಡಚಿ, ಎರಡು ಅಂಚನ್ನೂ ಸೇರಿಸಿ ಹಿಡಿದರು. ಎಡಗಡೆ ಗಿಡ್ಡ. ಟೇಪು ಹಿಡಿದರು. ಎಷ್ಟು ಎಂದು ನಿಮಗೆ ಹೇಳಬೇಕಾಗಿಲ್ಲ.

ಹೆಗಲು ಇಳಿದವರಿಗೆ ಅಂಚು ನೆಲಕ್ಕೆ ತಾಗದಿರಲಿ ಎಂದು ಆ ಕಡೆ ಅಷ್ಟು ಕತ್ತರಿಸುತ್ತಾರಂತೆ. ನನಗೆ ಗೊತ್ತೇ ಇರಲಿಲ್ಲ. ನಿಮಗೆ ಗೊತ್ತಿತ್ತು.

ಕೈ ಅಭ್ಯಾಸ ಇರಬಹುದು. ಹಾಗೆಂದೇ ನಂಬಬೇಕೆಂದು ನನಗೆ ಆಸೆ. ಆದರೆ ನಿಮ್ಮ ಎಲ್ಲ ಕಾಗದಗಳನ್ನೂ ಮತ್ತೆ ಓದಿದೆ. ನಟ ಎಲ್ಲಿಂದ ಕಲಿತ ಎಂದು ಎರಡು ಸಲ ಕೇಳಿದ್ದೀರಿ. ನಿಮ್ಮ ಕತ್ತರಿಯ ಬಗ್ಗೆ ಒಂದು ಮಾತೂ ಇಲ್ಲ.

ಆ ಅಳತೆ ನಿಮ್ಮದು, ನಮಗೆ ಗೊತ್ತಿರಲಿಲ್ಲ ಎಂದು ನೀವು ನಾಲ್ಕು ಸಾಲು ಬರೆದುಕೊಟ್ಟರೆ ನಾನು ಉಳಿಯುತ್ತೇನೆ. ಬರೆದರೆ ಮಂದಿರದಲ್ಲಿ ನಿಮಗೆ ಏನಾಗುತ್ತದೆ ಎನ್ನುವುದೂ ಗೊತ್ತು. ಅದಕ್ಕೇ ಬರೆಯಿರಿ ಎನ್ನಲು ಬಾಯಿ ಬರುತ್ತಿಲ್ಲ.

ಚೂಟಿ

ಮಾರ್ಚ್ ೨೨

ಚೂಟಿ,

ನೀನು ಕೇಳಿದ ನಾಲ್ಕು ಸಾಲು ಹದಿನಾಲ್ಕಾಗಿದೆ. ಸಮಿತಿಗೆ ನೇರವಾಗಿ ಕಳಿಸಿದ್ದೇನೆ. ನಿನ್ನ ಕೈಯಿಂದ ಹೋದರೆ ನೀನೇ ಬರೆಸಿದೆ ಎನ್ನುತ್ತಾರೆ.

ಅವರಿಗೆ ಬರೆದದ್ದನ್ನೇ ನಿನಗೂ ಬರೆಯುತ್ತೇನೆ. ಕತ್ತರಿಸುವಾಗ ಅಭ್ಯಾಸ. ಅಳತೆ ಇಲ್ಲದೆ ಹೊಲಿಯಲು ಬಾರದವಳ ಕೈಗೆ ಗೊತ್ತಿದ್ದ ಒಂದೇ ಅಳತೆ ಗುರುಗಳದು, ಅದೇ ಈ ಅಂಗಿಗೂ ಹೋಯಿತು. ಅಲ್ಲಿಯವರೆಗೆ ಕೈತಪ್ಪು. ಆಮೇಲೆ ಇಸ್ತ್ರಿ ಮಾಡಲು ಮೇಜಿನ ಮೇಲೆ ಹರಡಿದಾಗ ನೋಡಿದೆ. ಬೇರೆ ಯಾವನೋ ನೆಟ್ಟಗಿನ ಹೆಗಲಿನವನು ಇದನ್ನು ಹಾಕಿಕೊಂಡರೆ ಹೇಗೆ ಕಾಣುತ್ತಾನೆ ಎಂದು ಕಣ್ಣಿಗೆ ಕಟ್ಟಿತು. ಇಪ್ಪತ್ತೆರಡು ವರ್ಷ ಆ ಮನುಷ್ಯನ ಸುತ್ತ ಮಂಡಿಯೂರಿ, ಬಾಯಲ್ಲಿ ಗುಂಡುಸೂಜಿ ಇಟ್ಟುಕೊಂಡು ಅಂಚು ಸರಿಮಾಡಿದ್ದೇನೆ. ಮೇಲಿನಿಂದ ಅವರು ಅಹಂಕಾರ ಬಿಡಬೇಕು ಎಂದು ಉಪದೇಶ ಮಾಡುತ್ತಾ, ಕನ್ನಡಿಯಲ್ಲಿ ಅತ್ತ ಇತ್ತ ತಿರುಗಿ ನೋಡಿಕೊಳ್ಳುತ್ತಿರುತ್ತಾರೆ. ಬಾಯಲ್ಲಿ ಸೂಜಿ ಇದ್ದಾಗ ನಗಲಾಗುವುದಿಲ್ಲ ಕಣೇ. ಅಂದು ಬಾಯಿ ಖಾಲಿ ಇತ್ತು. ಇಸ್ತ್ರಿ ಪೆಟ್ಟಿಗೆ ಪಕ್ಕಕ್ಕಿಟ್ಟು, ಒಬ್ಬಳೇ, ಹೊಟ್ಟೆ ಹಿಡಿದುಕೊಂಡು ನಕ್ಕೆ. ಬಿಚ್ಚಿ ಸರಿಮಾಡಲು ಅರ್ಧ ಗಂಟೆ ಸಾಕಿತ್ತು. ಬಿಚ್ಚಲಿಲ್ಲ. ಮಡಚಿ ಕಳಿಸಿದೆ.

ಬರಿಯ ಕೈತಪ್ಪು ಎಂದು ಬರೆದಿದ್ದರೆ ನನಗೂ ನಿನಗೂ ಸುಲಭವಾಗುತ್ತಿತ್ತು. ಆದರೆ ನಲವತ್ತು ವರ್ಷ ಹೊಲಿದವಳು ಇಸ್ತ್ರಿ ಮಾಡುವಾಗಲೂ ನೋಡಲಿಲ್ಲವೇ ಎಂದು ಯಾವನಾದರೂ ಬುದ್ಧಿವಂತ ಕೇಳಿಯೇ ಕೇಳುತ್ತಾನೆ. ಆಗ ನಿನ್ನ ಮೇಲಿನ ಅನುಮಾನ ಹಾಗೇ ಉಳಿಯುತ್ತದೆ. ಅದಕ್ಕೇ ಪೂರ್ತಿ ಬರೆದೆ.

ಅಂಚೆಗೆ ಹಾಕುವ ಮೊದಲು ಗುರುಗಳಿಗೆ ಹೇಳಬೇಕೆನಿಸಿತು. ಅವರ ಕೊಠಡಿಗೆ ಹೋದೆ.

‘ಏನಮ್ಮ, ಮತ್ತೆ ಅಳತೆ ತಗೋಬೇಕಾ?’

‘ಇಲ್ಲ ಗುರುಗಳೇ. ತಗೊಂಡಿದ್ದನ್ನ ಹೇಳೋಕೆ ಬಂದೆ.’

ಹೇಳಿದೆ. ಅವರು ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಅವರಿಗೆ ದೂರಿನಲ್ಲಿ ಏನಿದೆ ಎಂದೇ ಗೊತ್ತಿರಲಿಲ್ಲ. ಕಾರ್ಯದರ್ಶಿ ತಂದ ಕಾಗದಕ್ಕೆಲ್ಲ ಓದದೆ ರುಜು ಹಾಕುತ್ತಾರಂತೆ.

‘ನನ್ನ ಹೆಗಲು ಇಳಿದಿದೆಯಾ?’ ಎಂದರು.

‘ಮುಕ್ಕಾಲು ಇಂಚು.’

‘ಯಾವಾಗಿಂದ?’

‘ನೀವು ಇಲ್ಲಿಗೆ ಬಂದಾಗ ಅರ್ಧ ಇತ್ತು.’

ಕಿಟಕಿಯ ಗಾಜಿನ ಮುಂದೆ ಹೋಗಿ ನಿಂತರು. ಅಂಚು ನೆಟ್ಟಗಿದ್ದರೆ ಮನುಷ್ಯ ಹೆಗಲು ನೋಡಿಕೊಳ್ಳುವುದಿಲ್ಲ. ಅಷ್ಟು ವರ್ಷ ನೋಡಿಕೊಳ್ಳದ ಹಾಗೆ ಮಾಡಿದ್ದೂ ನಾನೇ. ‘ಒಂದು ಮಾತು ಹೇಳಬಾರದಿತ್ತಾ?’ ಎಂದರು.

‘ಹೇಳಿದ್ರೆ ನೀವು ಹೆಗಲನ್ನೇ ನೋಡ್ಕೊಂಡು ನಿಲ್ತಿದ್ರಿ. ಪ್ರಾರ್ಥನೆ ಯಾರು ಮಾಡಿಸ್ತಿದ್ರು?’

ಗಾಜಿನ ಕಡೆಯಿಂದ ತಿರುಗಿ, ‘ಬರೆಯೋದಾದ್ರೆ ಬರೀರಿ. ಅರ್ಧ ಇಂಚು ಅಂತ ಬರೀರಿ’ ಎಂದರು.

‘ಅಂಗಿ ಅವರ ಹತ್ರಾನೇ ಇದೆ ಗುರುಗಳೇ. ಟೇಪು ಹಿಡಿದ್ರೆ ಗೊತ್ತಾಗುತ್ತೆ.’

ಮಾರನೆಯ ದಿನ ಕಾರ್ಯದರ್ಶಿ ಬಂದ. ಮಂದಿರದಲ್ಲಿ ಹಾಡುವ ಮಕ್ಕಳ ಆರು ಅಂಗಿಗೆ ಕೊಟ್ಟಿದ್ದ ಬಟ್ಟೆಯನ್ನು, ಕತ್ತರಿಸಿದ್ದು ಕತ್ತರಿಸದ್ದು ಎಲ್ಲವನ್ನೂ ಬಾಚಿಕೊಂಡು ಹೋದ. ಗುಂಡಿ ಅಂಗಡಿಯವಳು ಮೆಟ್ಟಿಲಲ್ಲಿ ಎದುರು ಸಿಕ್ಕರೆ ಗೋಡೆ ನೋಡುತ್ತಾಳೆ.

ನೀನು ಗೆಲ್ಲು. ಇಷ್ಟೆಲ್ಲ ಆದಮೇಲೆ ಸೋತರೆ ನಾನು ಸುಮ್ಮನಿರುವುದಿಲ್ಲ.

ನಿನ್ನ ಅತ್ತೆ

ಏಪ್ರಿಲ್ ೨

ನನ್ನ ಅತ್ತೆ,

ಉಳಿದೆ.

ಐದು ಜನ ಇದ್ದರು. ಅಂಗಿಯನ್ನು ಮೇಜಿನ ಮೇಲೆ ಹರಡಿ ಅವರೇ ಟೇಪು ಹಿಡಿದರು. ಆಮೇಲೆ ನಿಮ್ಮ ಕಾಗದವನ್ನು ಜೋರಾಗಿ ಓದಿಸಿದರು. ‘ಹೊಟ್ಟೆ ಹಿಡಿದುಕೊಂಡು ನಕ್ಕೆ’ ಎನ್ನುವಲ್ಲಿ ಒಬ್ಬ ಹಿರಿಯರಿಗೆ ನಗು ತಡೆಯಲಾಗಲಿಲ್ಲ, ಕೆಮ್ಮಿದ ಹಾಗೆ ಮಾಡಿದರು. ನಡವಳಿಯಲ್ಲಿ ಕೆಮ್ಮಿದರು ಎಂದೇ ಇದೆ.

ಕಾರ್ಯಕ್ರಮದವರ ತಪ್ಪಿಲ್ಲ. ಉಳಿದ ನಾಲ್ಕು ಕಂತು ಬರಬಹುದು. ಲಿಫ್ಟಿನದ್ದನ್ನು ಮಾತ್ರ ಮರುಪ್ರಸಾರ ಮಾಡುವಂತಿಲ್ಲ. ಇನ್ನು ಮುಂದೆ ದೇವರು ಧರ್ಮದ ತಮಾಷೆಗೆ ಬರಹದ ಜೊತೆ ಉಡುಪಿಗೂ ಮೊದಲೇ ಒಪ್ಪಿಗೆ ಪಡೆಯಬೇಕಂತೆ! ಒಪ್ಪುತ್ತಾರೆ ಅತ್ತೆ, ಆದರೆ ಒಪ್ಪಿದ ಪ್ರತಿ ಸಲವೂ ಬಾಗಿಲು ಒಂದಿಷ್ಟು ಕಿರಿದಾಗುತ್ತದೆ. ನಿರ್ಮಾಪಕರು ಈಗಲೇ, ‘ಮುಂದಿನ ವರ್ಷ ಬೇರೆ ವಿಷಯ ನೋಡೋಣ’ ಎನ್ನುತ್ತಿದ್ದಾರೆ.

ನೀವೇ ದೂರು ಬರೆದಿರಿ ಎಂದುಕೊಂಡೆನಲ್ಲ, ಅದಕ್ಕೆ ಏನು ಹೇಳಲಿ?

ಮುಂದಿನ ಶನಿವಾರದ್ದು ಇದಕ್ಕಿಂತ ಚೆನ್ನಾಗಿದೆ. ಅದೂ ಒಬ್ಬ ಗುರುವಿನದೇ. ನಿಮಗೊಬ್ಬರಿಗೇ ಮೊದಲು ಹೇಳಬೇಕೆಂದಿದ್ದೇನೆ. ಪೂರ್ತಿ ಬರೆದು ಕಳಿಸಲಾ?

ಚೂಟಿ

ಏಪ್ರಿಲ್ ೯

ಚೂಟಿ,

ಕಾಗದ ಓದಿ ಸ್ವಲ್ಪ ಕಣ್ಣೀರು ಹಾಕಿದೆ. ಸಾಕಾದಷ್ಟು ಆಯಿತೆಂದು ಎದ್ದು ಕೆಲಸ ನೋಡಿದೆ.

ಮೊನ್ನೆ ಪ್ರಾರ್ಥನೆಗೆ ಹೋಗಿದ್ದೆ. ಹೋಗುವುದನ್ನು ಬಿಟ್ಟಿಲ್ಲ. ಯಾರೂ ಬರಬೇಡ ಎಂದಿಲ್ಲ, ಪಕ್ಕದಲ್ಲಿ ಕೂರುವುದಿಲ್ಲ ಅಷ್ಟೆ. ಗುರುಗಳು ಅಂಗಡಿಯಿಂದ ಸಿದ್ಧ ಅಂಗಿ ತರಿಸಿ ಹಾಕಿಕೊಂಡಿದ್ದರು. ಎಡಗಡೆ ಅಂಚು ನೆಲ ಗುಡಿಸುತ್ತಿತ್ತು. ಅದನ್ನು ಎತ್ತಲು ಉಪದೇಶದುದ್ದಕ್ಕೂ ಹೆಗಲನ್ನು ಬಲವಂತವಾಗಿ ಮೇಲಕ್ಕೆ ಹಿಡಿದುಕೊಂಡಿದ್ದರು. ಎರಡು ಸಲ ಮಾತು ಮರೆತರು. ನನಗೆ ನಗು ಬರಲಿಲ್ಲ. ನಿನ್ನ ಲಿಫ್ಟಿನ ಕಥೆ ತಪ್ಪು ಎಂದು ಈಗಲೂ ಅನ್ನಿಸಿಲ್ಲ, ಆದರೆ ಆ ಹೆಗಲು ನೋಡಲು ಕಷ್ಟವಾಯಿತು. ಎರಡೂ ನಿಜ. ನಿನ್ನ ಸಮಿತಿಯವರಿಗೆ ಇದನ್ನು ಹೇಗೆ ಬರೆಯುತ್ತಿದ್ದೆನೋ.

ನಿನ್ನೆ ಮಧ್ಯಾಹ್ನ ಎಲ್ಲ ಅಂಗಡಿ ಊಟಕ್ಕೆ ಮುಚ್ಚಿದ್ದಾಗ ಮೆಟ್ಟಿಲಲ್ಲಿ ಸದ್ದಾಯಿತು. ಗುರುಗಳು. ಕಂಕುಳಲ್ಲಿ ಆ ಸಿದ್ಧ ಅಂಗಿ, ಸುತ್ತ ಹಳೆಯ ಪತ್ರಿಕೆ.

‘ಕಾರ್ಯದರ್ಶಿಗೆ ಗೊತ್ತಾಗಬಾರದು’ ಎಂದರು.

‘ನನಗೂ ಗೊತ್ತಾಗಬಾರದು ಅಂದ್ರೆ ಹೇಗೆ ಹೊಲೀಲಿ?’ ಎಂದೆ. ಮೊದಲ ಸಲ ನನ್ನ ಮಾತಿಗೆ ನಕ್ಕರು.

ನಿಲ್ಲಿಸಿ ಅಂಚು ಗುರುತು ಹಾಕಿದೆ. ಅವರು ಇದ್ದಕ್ಕಿದ್ದ ಹಾಗೆ, ‘ನಾನು ಅದನ್ನ ನೋಡಿಲ್ಲ, ಕೇಳಿದ್ದಷ್ಟೆ. ಕೊನೇಲಿ ಆ ಮೆಕ್ಯಾನಿಕ್‌ಗೆ ಯಾರಾದ್ರೂ ಥ್ಯಾಂಕ್ಸ್ ಹೇಳ್ತಾರಾ?’ ಎಂದರು.

‘ಇಲ್ಲ’ ಎಂದೆ.

‘ಅವರ ಜೊತೆಗಿದ್ದ ಗುರುವೂ ಹೇಳಲ್ವಾ?’

‘ಅವನೂ ಹೇಳಲ್ಲ.’

ಹೂಂ ಎಂದರು. ಹೊರಡುವಾಗ ಬಾಗಿಲಲ್ಲಿ ನಿಂತು, ಬಹಳ ಮೆತ್ತಗೆ, ‘ನಿಮ್ಮ ಸೋದರ ಸೊಸೆ ಮುಂದಿನ ವಾರ ಏನು ತೋರಿಸ್ತಾಳೆ?’ ಎಂದು ಕೇಳಿದರು.

ಅದೇ ಮೆತ್ತನೆಯ ದನಿಯಲ್ಲಿ ಕೇಳಿದ ಕಾರ್ಯದರ್ಶಿಯ ಮುಂದೆ ನಾನು ಒಮ್ಮೆ ಅಳತೆ ಪುಸ್ತಕ ಬಿಚ್ಚಿಟ್ಟಿದ್ದೇನೆ. ಇವರು ನಗಬೇಕೆಂದು ಕೇಳಿದರೋ, ಮೊದಲೇ ದೂರು ಬರೆದಿಡಲು ಕೇಳಿದರೋ ನನಗೆ ತಿಳಿಯಲಿಲ್ಲ. ಮುಖ ನೋಡಿದರೆ ಮೊದಲನೆಯದೇ ಇರಬಹುದು ಎನ್ನಿಸಿತು. ಮುಖ ನೋಡಿ ಅನ್ನಿಸಿದ್ದನ್ನು ನಾನು ಈಗ ಅಷ್ಟಾಗಿ ನಂಬುವುದಿಲ್ಲ. ನನ್ನ ಬಾಯಿಯನ್ನೂ ನಂಬುವುದಿಲ್ಲ.

‘ಗೊತ್ತಿಲ್ಲ ಗುರುಗಳೇ’ ಎಂದೆ. ಒಬ್ಬ ಗುರುವಿನದು ಎಂಬುದೊಂದು ಬಿಟ್ಟರೆ, ಈ ಸಲ ಅದು ಸುಳ್ಳಾಗಿರಲಿಲ್ಲ.

ಹಾಗೇ ಇರಲಿ. ಮುಂದಿನದನ್ನು ನನಗೆ ಬರೆಯಬೇಡ. ಒಂದು ಸಾಲನ್ನೂ ಬರೆಯಬೇಡ. ಗುಂಡಿ ಅಂಗಡಿಯವಳು ಬಾಗಿಲು ತೆಗೆದರೆ ಅಲ್ಲಿ, ಇಲ್ಲದಿದ್ದರೆ ಯಾವುದಾದರೂ ಅಂಗಡಿಯ ಗಾಜಿನ ಹೊರಗೆ ನಿಂತಾದರೂ, ಶನಿವಾರ ಏಳಕ್ಕೆ ಎಲ್ಲರ ಜೊತೆ ನಾನೂ ನೋಡುತ್ತೇನೆ.

ನಿನ್ನ ಅತ್ತೆ